ಹಳೆಯ ಫಂಕ್ ಹಾಡುಗಳನ್ನು ವ್ಯಾಯಾಮದ ವೇಗಕ್ಕೆ ಹೊಂದಿಸುವ ಬಗೆ
1970ರ ದಶಕದ ಅನೇಕ ಫಂಕ್ (ಬೇಸ್ ಮತ್ತು ಡ್ರಮ್ಮಿನ ಲಯವೇ ಪ್ರಧಾನವಾದ ಅಮೆರಿಕದ ನೃತ್ಯಸಂಗೀತ) ಹಾಡುಗಳು ನಿಮಿಷಕ್ಕೆ ಸುಮಾರು 95ರಿಂದ 115 ಬೀಟ್‌ಗಳ ವೇಗದಲ್ಲಿರುವುದರಿಂದ, ಚುರುಕಾದ ವ್ಯಾಯಾಮಕ್ಕೆ ತುಸು ನಿಧಾನವೆನಿಸುತ್ತವೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅವುಗಳ ವೇಗ ಹೆಚ್ಚಿಸಬಹುದು. ಆದರೆ ಸ್ಪೀಡ್ ಬದಲಿಸುವ ಆಯ್ಕೆಯನ್ನು ಬಿಟ್ಟು, ಶ್ರುತಿ ಬದಲಿಸದೆ ಲಯದ ವೇಗವನ್ನಷ್ಟೇ ಹೆಚ್ಚಿಸುವ ‘ಚೇಂಜ್ ಟೆಂಪೊ’ ಬಳಸಿ. ಸ್ಪೀಡ್ ಬದಲಿಸಿದರೆ ಶ್ರುತಿಯೂ ಏರುತ್ತದೆ: ಶೇ 6ರಷ್ಟು ಹೆಚ್ಚಿಸಿದರೂ ಹಾಡು ಸುಮಾರು ಒಂದು ಸೆಮಿಟೋನ್ (ಅರ್ಧ ಸ್ವರದಷ್ಟು) ಮೇಲೇರಿ, ಗಾಯಕರ ದನಿ ತೆಳುವಾಗಿ, ಫಂಕ್‌ನ ಜೀವಾಳವಾದ ಬೇಸ್ ಗಿಟಾರಿನ ತೂಕ ಕುಗ್ಗುತ್ತದೆ.

ಟೆಂಪೊ ಬದಲಾವಣೆಗೂ ಮಿತಿ ಇದೆ. 110 ಬೀಟ್‌ಗಳ ಹಾಡನ್ನು 120ಕ್ಕೆ ಒಯ್ಯಲು ಶೇ 9ರಷ್ಟು ಹೆಚ್ಚಳ ಸಾಕು, ಅದು ಕಿವಿಗೆ ಸಹಜವಾಗಿಯೇ ಕೇಳಿಸುತ್ತದೆ. 95ರಿಂದ 120ಕ್ಕೆ ಎಳೆದರೆ ಮಾತ್ರ ಸ್ನೇರ್ ಡ್ರಮ್ಮಿನ ಪೆಟ್ಟು ಮೊನಚು ಕಳೆದುಕೊಂಡು ಕಲಸಿದಂತಾಗುತ್ತದೆ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಶೇ 12ನ್ನು ದಾಟದಿರುವುದೇ ಲೇಸು.

ಆ ಕಾಲದ ಡ್ರಮ್ ವಾದಕರು ಬಹುಪಾಲು ಮೆಟ್ರೋನೋಮ್ (ಸಮವೇಗದಲ್ಲಿ ತಾಳ ತೋರಿಸುವ ಸಾಧನ) ಇಲ್ಲದೆ ನುಡಿಸುತ್ತಿದ್ದುದರಿಂದ (ಆ ಸಂಗೀತದ ಸೊಗಸಿರುವುದೂ ಅಲ್ಲಿಯೇ) ಹಾಡಿನ ವೇಗ ನಡುವೆ ಕೊಂಚ ಏರಿಳಿಯುತ್ತದೆ. ಆದ್ದರಿಂದ ಹಾಡಿನ ವೇಗ ತಿಳಿಯಲು ಬೀಟ್‌ಗಳನ್ನು ಆರಂಭದಲ್ಲಿ ಎಣಿಸದೆ ಮಧ್ಯಭಾಗದಲ್ಲಿ ಎಣಿಸಿ. ಓಟಕ್ಕಾದರೆ 80ರಿಂದ 85 ಬೀಟ್‌ಗಳ ಹಾಡನ್ನು ಬದಲಿಸದೆಯೇ ಬಳಸಬಹುದು, ಏಕೆಂದರೆ ಒಂದು ಬೀಟ್‌ಗೆ ಎರಡು ಹೆಜ್ಜೆಯಂತೆ ನಿಮಿಷಕ್ಕೆ 160ರಿಂದ 170 ಹೆಜ್ಜೆಗಳಾಗುತ್ತವೆ.