ಬೀಡು ಸೇತುವೆಗೆ ಹಾಕಿದ ಹೊಲಿಗೆ

ಹೊಲಗಳ ನಡುವಿನ ಆ ಹಳೆಯ ರಸ್ತೆ ಸೇತುವೆಯನ್ನು ಪರೀಕ್ಷಿಸಲು ಹೋದ ಮೊದಲ ದಿನ ನಾನು ಹೆಚ್ಚು ಬಳಸಿದ್ದು ಒಂದು ಸಣ್ಣ ಸುತ್ತಿಗೆಯನ್ನು. ಕಮಾನಿನ ಕೆಳಗೆ ಅಟ್ಟಣಿಗೆ ಕಟ್ಟಿಸಿ, ಬೀಡು ಕಬ್ಬಿಣದ, ಅಂದರೆ ಅಚ್ಚಿಗೆ ಎರಕ ಹೊಯ್ದ ಕಬ್ಬಿಣದ, ಒಂದೊಂದು ಪಟ್ಟಿಯನ್ನೂ ಗೇಣು ಗೇಣಿಗೆ ತಟ್ಟುತ್ತಾ ಹೋದೆ. ಗಟ್ಟಿ ಬೀಡು ಗಂಟೆಯಂತೆ ಠಣ್ ಎನ್ನುತ್ತದೆ. ದಡದ ಹತ್ತಿರದ ಒಂದು ಪಟ್ಟಿಯಲ್ಲಿ ಮಾತ್ರ ಸದ್ದು ಇದ್ದಕ್ಕಿದ್ದಂತೆ ಸತ್ತುಹೋಯಿತು, ಸೀಳಿದ ಮಡಕೆಯನ್ನು ತಟ್ಟಿದ ಹಾಗೆ. ಟಾರ್ಚ್ ಹಿಡಿದು ನೋಡಿದರೆ ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ. ಬಣ್ಣ ತೆಗೆದು (ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಮುಖಗವಸು ಬೇಕೇ ಬೇಕು) ಕೆಂಪು ದ್ರವ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದೆ. ಬಿಳಿಯ ಮೇಲೆ ಕೆಂಪು ನಿಧಾನವಾಗಿ ಒಸರಿ, ಬಿರುಕಿನ ಪೂರ್ತಿ ಉದ್ದ ಕಣ್ಣಿಗೆ ಬಿತ್ತು.

ಬೀಡು ಎಷ್ಟು ಅದುಮಿದರೂ ತಾಳುತ್ತದೆ, ಎಳೆದರೆ ಮುರಿಯುತ್ತದೆ. 1847ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಬಳಿ ಡೀ ನದಿಯ ರೈಲು ಸೇತುವೆಯ ಬೀಡಿನ ತೊಲೆ ಮುರಿದು ಐವರು ಸತ್ತರು. ಕಮಾನು ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ, ಅದರ ಭಾರವೆಲ್ಲ ಅದುಮುವ ಭಾರ. ಹಾಗಾದರೆ ಇಲ್ಲಿ ಎಳೆತ ಎಲ್ಲಿಂದ ಬಂತು? ಅಳೆದಾಗ ಗೊತ್ತಾಯಿತು: ದಡದ ಕಲ್ಲುಕಟ್ಟೆ ಒಳಕ್ಕೆ ಸರಿದಿತ್ತು, ಅದರಿಂದ ಕಮಾನು ಬಾಗಿ ಪಟ್ಟಿಯ ಒಂದು ಮಗ್ಗುಲು ಎಳೆತಕ್ಕೆ ಸಿಕ್ಕಿತ್ತು. ಇಂಗ್ಲೆಂಡಿನದೇ ಸೆವರ್ನ್ ನದಿಯ ಮೇಲೆ 1779ರಲ್ಲಿ ಎದ್ದ, ಸುಮಾರು 30 ಮೀಟರ್ ಹರವಿನ ಪ್ರಸಿದ್ಧ ಕಬ್ಬಿಣದ ಸೇತುವೆಯನ್ನು ಕಾಡಿದ್ದೂ ದಡಗಳ ಈ ಜರುಗಾಟವೇ.

ಬೆಸುಗೆ ಹಾಕಿ ಮುಗಿಸಿಬಿಡೋಣ ಎಂದರು ಕೆಲವರು. ನಾನು ಖಡಾಖಂಡಿತವಾಗಿ ಬೇಡವೆಂದೆ. ಬೀಡಿನಲ್ಲಿ ಶೇಕಡ 2ರಿಂದ 4ರಷ್ಟು ಇಂಗಾಲವಿದೆ. ಬೆಸುಗೆಯ ಬಿಸಿ ಬೇಗ ಆರಿದರೆ ಆ ಜಾಗ ಗಾಜಿನಂತೆ ಪೆಡಸಾಗಿ, ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಇಡೀ ಪಟ್ಟಿಯನ್ನು ಕಾಯಿಸಿ ಮೆಲ್ಲಗೆ ಆರಿಸೋಣವೆಂದರೆ ಅದು ಭಾರ ಹೊತ್ತು ನಿಂತಿದೆ.

ಆದ್ದರಿಂದ ಹೊಲಿದೆವು. ವಾಹನ ನಿಲ್ಲಿಸಿ, ಕಮಾನಿಗೆ ಊರುಗೋಲು ಕೊಟ್ಟೆವು. ಬಿರುಕು ಮುಂದಕ್ಕೆ ಓಡದಂತೆ ಅದರ ತುದಿಯಲ್ಲಿ ಮೊದಲು ಒಂದು ತೂತು. ಆಮೇಲೆ ಬಿರುಕಿಗೆ ಅಡ್ಡಲಾಗಿ ಸಾಲು ತೂತು ಕೊರೆದು ಬಿರುಕಿನ ಎರಡೂ ಬದಿಯನ್ನು ಹಿಡಿದಿಡುವ ನಿಕಲ್ ಮಿಶ್ರಲೋಹದ ಬೀಗಪಟ್ಟಿಗಳನ್ನು ಬಡಿದು ಕೂರಿಸಿದೆವು. ಬಿರುಕಿನ ಉದ್ದಕ್ಕೂ ತಿರುಪಿನ ಗೂಟಗಳನ್ನು, ಒಂದು ಇನ್ನೊಂದರ ಅಂಚನ್ನು ಕಚ್ಚುವಂತೆ, ತಿರುಗಿಸಿ ಬಿಗಿದೆವು. ಬೆಂಕಿಯ ಸುಳಿವೇ ಇಲ್ಲ. ಉಜ್ಜಿ ಬಣ್ಣ ಬಳಿದ ಮೇಲೆ ಹೊಲಿಗೆ ಎಲ್ಲಿದೆಯೆಂದು ಹುಡುಕಲು ನನಗೇ ನಕ್ಷೆ ಬೇಕಾಯಿತು.

ಕಲ್ಲುಕಟ್ಟೆಗೆ ಅಳತೆಯ ಗುರುತು ಹಾಕಿಸಿದ್ದೇನೆ. ಮಳೆಗಾಲ ಮುಗಿದ ಕೂಡಲೇ ಹೋಗಿ ಮೊದಲು ಅದನ್ನು ಓದುತ್ತೇನೆ, ಆಮೇಲೆ ಸುತ್ತಿಗೆ ತೆಗೆಯುತ್ತೇನೆ.