ಕರೆಂಟಿನ ಡೈರೆಕ್ಟ್ ಡೆಬಿಟ್ ಏರಿತೇ? ಕಂಪನಿ ಬದಲಿಸುವ ಮುನ್ನ ಮೀಟರ್ ನೋಡಿ

‘ಮುಂದಿನ ತಿಂಗಳಿಂದ ನಿಮ್ಮ ಕಂತು 140 ಪೌಂಡ್ ಅಲ್ಲ, 195’ ಎಂದು ಕರೆಂಟು, ಗ್ಯಾಸ್ ಎರಡನ್ನೂ ಕೊಡುವ ಕಂಪನಿಯಿಂದ ಇಮೇಲ್ ಬಂದ ಕೂಡಲೇ ಬ್ರಿಟನ್ನಿನಲ್ಲಿರುವ ನಮ್ಮವರು ಮಾಡುವುದು ಎರಡರಲ್ಲಿ ಒಂದು ಕೆಲಸ. ಒಂದೋ ಬ್ಯಾಂಕ್ ಆ್ಯಪ್ ತೆರೆದು ಕಂಪನಿ ಖಾತೆಯಿಂದ ತಾನಾಗಿಯೇ ಕಂತು ಪಡೆಯುವ ಡೈರೆಕ್ಟ್ ಡೆಬಿಟ್ಟನ್ನೇ ರದ್ದು ಮಾಡುತ್ತಾರೆ. ಇಲ್ಲವೇ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಯಾವ ಕಂಪನಿ ಚೀಪು?’ ಎಂದು ಕೇಳಿ ಅದೇ ರಾತ್ರಿ ಬದಲಿಸಿಬಿಡುತ್ತಾರೆ. ಎರಡೂ ಬೇಡ. ರದ್ದು ಮಾಡಿದರೆ ಉರಿಸಿದ ಕರೆಂಟಿನ ಬಾಕಿ ಎಲ್ಲೂ ಹೋಗುವುದಿಲ್ಲ, ಡೈರೆಕ್ಟ್ ಡೆಬಿಟ್ ಗಿರಾಕಿಗೆ ಸಿಗುವ ಕಡಿಮೆ ದರ ಮಾತ್ರ ಹೋಗುತ್ತದೆ. ಕಂಪನಿ ಬದಲಿಸಿದರೂ ಅಷ್ಟೇ, ಹಳೆಯ ಬಾಕಿ ಕೊನೆಯ ಬಿಲ್ಲಿನಲ್ಲಿ ಒಂದೇ ಏಟಿಗೆ ಬಂದು ನಿಲ್ಲುತ್ತದೆ.

ಗೊಂದಲದ ಮೂಲ ಊರಿನ ಅಭ್ಯಾಸದಲ್ಲಿದೆ. ಬೆಂಗಳೂರಿನಲ್ಲಿ ಬೆಸ್ಕಾಂ ಮೀಟರ್ ರೀಡರ್ ತಿಂಗಳಿಗೊಮ್ಮೆ ಬಂದು, ರೀಡಿಂಗ್ ನೋಡಿ, ಬಿಲ್ ಹರಿದು ಕೊಟ್ಟು ಹೋಗುತ್ತಾರೆ. ಅದರಲ್ಲಿರುವುದು ಬಳಸಿದ್ದರ ಲೆಕ್ಕ. ಇಲ್ಲಿ ಬ್ಯಾಂಕಿನಿಂದ ಹೋಗುವ ಮೊತ್ತ ಬಿಲ್ ಅಲ್ಲವೇ ಅಲ್ಲ. ವರ್ಷಕ್ಕೆ ಎಷ್ಟಾಗಬಹುದು ಎಂದು ಅಂದಾಜು ಮಾಡಿ 12ರಿಂದ ಭಾಗಿಸಿದ ಕಂತು ಅದು. ಬೇಸಿಗೆಯಲ್ಲಿ ಹೆಚ್ಚಾಗಿ ಕಟ್ಟಿದ್ದು ಖಾತೆಯಲ್ಲಿ ಜಮೆಯಾಗುತ್ತದೆ, ಹೀಟಿಂಗ್ ಉರಿಯುವ ಚಳಿಗಾಲದಲ್ಲಿ ಕರಗುತ್ತದೆ. ಆದ್ದರಿಂದ ಅಕ್ಟೋಬರ್‌ನಲ್ಲಿ 200 ಪೌಂಡ್ ಜಮೆ ಕಂಡರೆ ಹಿಗ್ಗಬೇಡಿ, ಏಪ್ರಿಲ್ ಹೊತ್ತಿಗೆ ಖಾತೆ ಸೊನ್ನೆಯ ಆಸುಪಾಸಿನಲ್ಲಿದ್ದರೆ ಗಾಬರಿಯಾಗಬೇಡಿ. ಅಕ್ಟೋಬರ್‌ನಲ್ಲೇ ಬಾಕಿ ಇದ್ದರೆ ಮಾತ್ರ ಎಚ್ಚರ.

1. ಇಮೇಲ್ ಓದಿ

ಏರಿಕೆಗೆ ಕಾರಣ ಬರೆದಿರುತ್ತಾರೆ: ದರ ಏರಿದೆ, ಬಳಕೆ ಏರಿದೆ, ಅಥವಾ ಹಳೆಯ ಬಾಕಿ ಸೇರಿದೆ. ಫಿಕ್ಸೆಡ್ ಟ್ಯಾರಿಫ್ (ನಿಗದಿತ ಅವಧಿಗೆ ಬದಲಾಗದ ದರ) ಮುಗಿದು ತಾನಾಗಿಯೇ ಏರಿಳಿಯುವ ದರದ ವೇರಿಯಬಲ್ ಟ್ಯಾರಿಫ್‌ಗೆ ಬಿದ್ದಿದ್ದೀರಾ ಎಂದೂ ನೋಡಿ. ಮೊತ್ತ ಬದಲಿಸುವ ಮುನ್ನ ಸೂಚನೆ ಕೊಡುವುದು ಡೈರೆಕ್ಟ್ ಡೆಬಿಟ್ ಗ್ಯಾರಂಟಿಯ ನಿಯಮ, ಹಾಗಾಗಿ ಲೆಕ್ಕ ಹಾಕಲು ನಿಮಗೆ ಕೆಲವು ದಿನ ಇದ್ದೇ ಇರುತ್ತದೆ.

ಸುದ್ದಿಯಲ್ಲಿ ಕೇಳುವ ಪ್ರೈಸ್ ಕ್ಯಾಪ್ ಬಗ್ಗೆ ಒಂದು ಮಾತು. ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2019ರ ಜನವರಿಯಲ್ಲಿ ತಂದ ಈ ಮಿತಿ ಈಗ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಅದು ಯೂನಿಟ್ ದರಕ್ಕೂ ಬಳಸದಿದ್ದರೂ ದಿನಕ್ಕಿಷ್ಟು ಎಂದು ಬೀಳುವ ಸ್ಟ್ಯಾಂಡಿಂಗ್ ಚಾರ್ಜಿಗೂ ಹಾಕಿದ ಮಿತಿಯೇ ಹೊರತು ನಿಮ್ಮ ಬಿಲ್ಲಿಗಲ್ಲ. ಟಿವಿಯಲ್ಲಿ ಹೇಳುವ ವಾರ್ಷಿಕ ಮೊತ್ತ ಸಾಧಾರಣ ಬಳಕೆಯ ಮನೆಯೊಂದರ ಉದಾಹರಣೆ ಮಾತ್ರ. ಊರಿಂದ ಅಪ್ಪ ಅಮ್ಮ ಬಂದು ದಿನವಿಡೀ ಹೀಟಿಂಗ್ ಹಾಕಿದ್ದರೆ ಯಾವ ಕ್ಯಾಪೂ ಕಾಯುವುದಿಲ್ಲ. ಇದೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ; ಉತ್ತರ ಐರ್ಲೆಂಡಿನ ವ್ಯವಸ್ಥೆಯೇ ಬೇರೆ.

2. ಲೆಕ್ಕ ಹಾಕಿ (ಎಲ್ಲರೂ ಎಡವುವುದು ಇಲ್ಲೇ)

ಮೀಟರ್ ಹತ್ತಿರ ಹೋಗಿ ಫೋಟೊ ತೆಗೆಯಿರಿ. ಹಳೆಯ ಮೀಟರ್‌ನಲ್ಲಿ ಕೆಂಪು ಅಂಕಿಗಳನ್ನೂ ದಶಮಾಂಶ ಚುಕ್ಕೆಯ ಆಚೆಗಿನ ಅಂಕಿಗಳನ್ನೂ ಬಿಟ್ಟುಬಿಡಿ. ಅವನ್ನೂ ಸೇರಿಸಿ ಕಳಿಸಿದರೆ ಬಳಕೆ ಹತ್ತು ಪಟ್ಟು ಕಾಣಿಸಿ, ಕಂಪ್ಯೂಟರ್ ಅದನ್ನೇ ನಂಬಿ ಕಂತು ಏರಿಸಿಬಿಡಬಹುದು. ಎಕಾನಮಿ 7 ಮೀಟರ್ ಇದ್ದರೆ ಹಗಲು, ರಾತ್ರಿ ಎಂದು ಎರಡು ರೀಡಿಂಗ್ ಇರುತ್ತವೆ, ಅದಲುಬದಲು ಮಾಡಬೇಡಿ.

ಈಗ ಸುಮಾರು ಒಂದು ವರ್ಷದ ಹಿಂದಿನ ಬಿಲ್ ಹುಡುಕಿ. ರೀಡಿಂಗ್ ಪಕ್ಕದಲ್ಲಿ ‘ಎಸ್ಟಿಮೇಟೆಡ್’ ಎಂದಿದ್ದರೆ ಅದು ಕಂಪನಿಯ ಊಹೆ, ಆ ಬಿಲ್ ಬಿಟ್ಟು ನಿಜವಾದ ರೀಡಿಂಗ್ ಇರುವ ಬಿಲ್ ಆರಿಸಿ. ಸ್ಮಾರ್ಟ್ ಮೀಟರ್ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಸಿಗ್ನಲ್ ಸಿಗದ ಸ್ಮಾರ್ಟ್ ಮೀಟರ್ ಮನೆಗಳಿಗೂ ಅಂದಾಜು ಬಿಲ್ಲೇ ಬರುತ್ತದೆ.

ಕರೆಂಟಿನಲ್ಲಿ ಎರಡು ರೀಡಿಂಗ್‌ಗಳ ವ್ಯತ್ಯಾಸವೇ ಯೂನಿಟ್. ಗ್ಯಾಸ್ ಹಾಗಲ್ಲ. ಮೀಟರ್ ತೋರಿಸುವುದು ಘನ ಮೀಟರ್, ದರ ಹಾಕುವುದು ಯೂನಿಟ್ಟಿಗೆ, ಅಂದರೆ ಕಿಲೋವ್ಯಾಟ್ ಅವರ್‌ಗೆ. ಒಂದು ಘನ ಮೀಟರ್‌ಗೆ ಸುಮಾರು 11 ಯೂನಿಟ್ ಎಂದು ಹಿಡಿಯಿರಿ. ಹಳೆಯ ಮನೆಗಳಲ್ಲಿ ಘನ ಅಡಿ ತೋರಿಸುವ ಮೀಟರ್ ಇನ್ನೂ ಇವೆ, ಅಲ್ಲಿ ಒಂದು ಅಂಕಿ ಅಂದರೆ ನೂರು ಘನ ಅಡಿ, ಅಂದರೆ ಸುಮಾರು 31 ಯೂನಿಟ್. ಕಂಪನಿಯ ದಾಖಲೆಯಲ್ಲಿ ಮೀಟರ್ ಜಾತಿ ತಪ್ಪಾಗಿದ್ದರೆ ಬಿಲ್ ಸುಮಾರು 2.83 ಪಟ್ಟು ಏರಬಹುದು ಅಥವಾ ಇಳಿಯಬಹುದು. ಗ್ಯಾಸಿನ ಲೆಕ್ಕ ತೀರಾ ಅಸಂಬದ್ಧವಾಗಿದ್ದರೆ ಮೊದಲು ಇದನ್ನೇ ನೋಡಿ.

ಒಂದು ಉದಾಹರಣೆ. ವರ್ಷಕ್ಕೆ 2,900 ಯೂನಿಟ್ ಕರೆಂಟ್, 10,000 ಯೂನಿಟ್ ಗ್ಯಾಸ್ ಎನ್ನೋಣ. ಕರೆಂಟ್ 25 ಪೆನ್ಸ್, ಗ್ಯಾಸ್ 6 ಪೆನ್ಸ್. ದಿನದ ಸ್ಟ್ಯಾಂಡಿಂಗ್ ಚಾರ್ಜ್ ಕ್ರಮವಾಗಿ 55 ಮತ್ತು 32 ಪೆನ್ಸ್. ಎಲ್ಲವೂ 5% ವ್ಯಾಟ್ ಸೇರಿದ ದರ. ಕರೆಂಟಿಗೆ 725 ಪೌಂಡ್, ಅದರ ಸ್ಟ್ಯಾಂಡಿಂಗ್ ಚಾರ್ಜ್ 200.75, ಗ್ಯಾಸಿಗೆ 600, ಅದರದ್ದು 116.80. ಒಟ್ಟು 1,642.55. ಹನ್ನೆರಡರಿಂದ ಭಾಗಿಸಿದರೆ 137 ಪೌಂಡಿನ ಹತ್ತಿರ. 120 ಪೌಂಡ್ ಬಾಕಿ ಇದ್ದು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಇನ್ನೂ 10, ಅಂದರೆ 147. ಅವರು ಕೇಳುತ್ತಿರುವುದು 195! ಉಳಿದ 48 ಪೌಂಡ್ ಯಾಕೆ ಎಂದು ಕೇಳುವ ಹಕ್ಕು ಈಗ ನಿಮ್ಮ ಕೈಯಲ್ಲಿದೆ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಬಿಲ್ಲಿನಲ್ಲಿರುವುದನ್ನೇ ಹಾಕಿಕೊಳ್ಳಿ.

3. ಕಂಪನಿಗೆ ಬರೆಯಿರಿ

ಫೋನ್ ಬೇಡ, ಇಮೇಲೇ ವಾಸಿ. ರೀಡಿಂಗ್ ಫೋಟೊ, ಲೆಕ್ಕ, ನಿಮಗೆ ಸರಿಯೆನಿಸುವ ಕಂತು ಮೂರನ್ನೂ ಹಾಕಿ. ಕಂತು ಗ್ರಾಹಕನ ಬಳಕೆಯ ಬಗ್ಗೆ ಸಿಗುವ ಅತ್ಯುತ್ತಮ, ಇತ್ತೀಚಿನ ಮಾಹಿತಿಯ ಮೇಲೆ ನಿಂತಿರಬೇಕು ಎಂದು ಅವರ ಲೈಸೆನ್ಸ್‌ನಲ್ಲೇ ಇದೆ. ಜಮೆ ವಿಪರೀತ ಸೇರಿದ್ದರೆ ವಾಪಸ್ ಕೇಳಬಹುದು. ಸರಿಯಾಗಿ ಬಿಲ್ ಮಾಡದೆ ಬಿಟ್ಟ, 12 ತಿಂಗಳಿಗಿಂತ ಹಿಂದಿನ ಬಳಕೆಗೆ ಈಗ ಹಣ ಕೇಳುವಂತಿಲ್ಲ, ನೀವೇ ರೀಡಿಂಗಿಗೆ ಅಡ್ಡಿ ಮಾಡಿರಬಾರದು ಅಷ್ಟೇ. ದೂರು ಕೊಟ್ಟು ಎಂಟು ವಾರವಾದರೂ ಬಗೆಹರಿಯದಿದ್ದರೆ ಇಂಥ ಜಗಳ ಬಗೆಹರಿಸುವ ಸ್ವತಂತ್ರ ಸಂಸ್ಥೆ ಎನರ್ಜಿ ಆಂಬಡ್ಸ್‌ಮನ್ ಬಳಿ ಹೋಗಿ, ಅದು ಉಚಿತ.

ಈ ನಡುವೆ ‘ಪ್ಲಗ್‌ಗೆ ಸಿಕ್ಕಿಸಿದರೆ ಬಿಲ್ ಅರ್ಧ’ ಎಂಬ ಪುಟ್ಟ ಡಬ್ಬಿಯ ಜಾಹೀರಾತು ನಿಮ್ಮ ಫೋನಿನಲ್ಲಿ ಬಂದೇ ಬರುತ್ತದೆ. ಕೊಳ್ಳಬೇಡಿ. ಮನೆಯ ಮೀಟರ್ ಎಣಿಸುವುದು ಕಿಲೋವ್ಯಾಟ್ ಅವರ್ ಮಾತ್ರ, ಆ ಡಬ್ಬಿಗೆ ಅದನ್ನು ಇಳಿಸಲು ಬರುವುದಿಲ್ಲ.

4. ಈಗ ಬದಲಿಸಿ

ಹೋಲಿಕೆ ವೆಬ್‌ಸೈಟ್‌ಗೆ ಪೌಂಡ್ ಲೆಕ್ಕ ಕೊಡಬೇಡಿ, ನೀವು ಕಂಡುಕೊಂಡ ವಾರ್ಷಿಕ ಯೂನಿಟ್ ಕೊಡಿ. ಹಳೆಯ ಕಂತನ್ನು ಕೊಟ್ಟರೆ ಹಳೆಯ ತಪ್ಪೇ ಹೊಸ ಕಂಪನಿಗೂ ಹೋಗುತ್ತದೆ. ತಮಗೆ ಕಮಿಷನ್ ಕೊಡುವ ಕಂಪನಿಗಳನ್ನೇ ಮೊದಲು ತೋರಿಸುವ ಸೈಟ್‌ಗಳಿವೆ, ಇಡೀ ಮಾರುಕಟ್ಟೆ ತೋರಿಸುವ ಆಯ್ಕೆ ಹುಡುಕಿ ಒತ್ತಿ. ಕಡಿಮೆ ಕಂತು ಎಂದು ಆಸೆ ತೋರಿಸುವ ಟ್ಯಾರಿಫ್ ನಂಬಬೇಡಿ, ಯೂನಿಟ್ ದರ ಮತ್ತು ಸ್ಟ್ಯಾಂಡಿಂಗ್ ಚಾರ್ಜ್ ಎರಡನ್ನೇ ನೋಡಿ. ನನ್ನ ಆಯ್ಕೆ ಯಾವಾಗಲೂ ಈಗಿನ ಕ್ಯಾಪ್ ದರಕ್ಕಿಂತ ಕಡಿಮೆ ಇರುವ, ಎಕ್ಸಿಟ್ ಫೀ (ಅವಧಿಗೆ ಮುನ್ನ ಬಿಟ್ಟರೆ ಕಟ್ಟುವ ಶುಲ್ಕ) ಇಲ್ಲದ ಒಂದು ವರ್ಷದ ಫಿಕ್ಸೆಡ್. ಅರ್ಧ ಗಂಟೆಗೊಮ್ಮೆ ದರ ಬದಲಾಗುವ ಟ್ಯಾರಿಫ್, ರಾತ್ರಿ ಚಾರ್ಜ್ ಮಾಡುವ ಎಲೆಕ್ಟ್ರಿಕ್ ಕಾರಿನವರಿಗೆ ಸರಿ. ಸಂಜೆ ಆರಕ್ಕೆ ಕುಕ್ಕರ್, ಓವನ್ ಎರಡೂ ಹಚ್ಚುವ ಮನೆಗೆ ಅಲ್ಲ. ಗ್ರಾಹಕ ಸೇವೆ ಹೇಗಿದೆ ಎಂದು ಜನರಿಗೆ ಸಲಹೆ ನೀಡುವ ಸಂಸ್ಥೆ ಸಿಟಿಜನ್ಸ್ ಅಡ್ವೈಸ್ ಕೊಡುವ ಸ್ಟಾರ್‌ಗಳನ್ನೂ ನೋಡಿ. 2021ರಲ್ಲಿ ಗ್ಯಾಸಿನ ಸಗಟು ಬೆಲೆ ಹಾರಿದಾಗ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಮುಳುಗಿದ್ದವು. ಗ್ರಾಹಕರ ಜಮೆ ಹಣ ಉಳಿಯಿತು, ಕರೆಂಟೂ ಹೋಗಲಿಲ್ಲ, ಆದರೆ ಅಗ್ಗದ ಫಿಕ್ಸೆಡ್ ದರಗಳು ಕಂಪನಿಯ ಜೊತೆಗೇ ಮುಳುಗಿದವು.

ಈಗಿರುವ ಫಿಕ್ಸೆಡ್ ಮುಗಿಯಲು 49 ದಿನ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಕ್ಸಿಟ್ ಫೀ ಹಾಕುವಂತಿಲ್ಲ. ಬಾಕಿ 28 ದಿನಕ್ಕಿಂತ ಹಳೆಯದಾಗಿದ್ದರೆ ಹಳೆಯ ಕಂಪನಿ ನಿಮ್ಮನ್ನು ಬಿಡದೆ ಇರಬಹುದು, ಮೊದಲು ಅದನ್ನು ತೀರಿಸಿ. ಬಾಡಿಗೆ ಮನೆಯಲ್ಲಿದ್ದರೂ ಬಿಲ್ ನಿಮ್ಮ ಹೆಸರಿನಲ್ಲಿದ್ದರೆ ಕಂಪನಿ ಆರಿಸುವ ಹಕ್ಕು ನಿಮ್ಮದೇ. ಕರಾರು ಪತ್ರ ಒಮ್ಮೆ ಓದಿ, ಮನೆ ಮಾಲೀಕರಿಗೆ ತಿಳಿಸಿ.

ಅರ್ಜಿ ಹಾಕುವುದು ಹತ್ತು ನಿಮಿಷದ ಕೆಲಸ. ಬದಲಾವಣೆಗೆ ಸಾಮಾನ್ಯವಾಗಿ ಐದು ಕೆಲಸದ ದಿನ ಸಾಕು. ಮನಸ್ಸು ಬದಲಾದರೆ 14 ದಿನದ ಕೂಲಿಂಗ್ ಆಫ್ ಅವಧಿ ಇದೆ. ಮೀಟರ್ ಅದೇ, ತಂತಿಯೂ ಅದೇ. ಯಾರೂ ಮನೆಗೆ ಬರುವುದಿಲ್ಲ, ಕರೆಂಟೂ ಹೋಗುವುದಿಲ್ಲ.

ಬದಲಾಗುವ ದಿನ ಮತ್ತೆ ಮೀಟರ್ ಫೋಟೊ ತೆಗೆದು ಹೊಸ ಕಂಪನಿಗೆ ಆ ರೀಡಿಂಗ್ ಕಳಿಸಿ. ಅದನ್ನೇ ಅವರು ಹಳೆಯ ಕಂಪನಿಗೂ ಕೊಡುತ್ತಾರೆ. ಹಳೆಯ ಡೈರೆಕ್ಟ್ ಡೆಬಿಟ್ ಮಾತ್ರ ಮುಟ್ಟಬೇಡಿ. ಆರು ವಾರದೊಳಗೆ ಕೊನೆಯ ಬಿಲ್ ಬರಬೇಕು. ಅದರಲ್ಲಿನ ರೀಡಿಂಗ್ ನಿಮ್ಮ ಫೋಟೊಗೆ ಹೊಂದುತ್ತದೆಯೇ ನೋಡಿ, ಜಮೆ ಇದ್ದರೆ ಅದು ಬ್ಯಾಂಕಿಗೆ ಬರುವವರೆಗೆ ಕಾಯಿರಿ. ರದ್ದು ಮಾಡುವ ಗುಂಡಿ ಒತ್ತುವುದು ಆಮೇಲೆ.