ಗ್ಯಾಸ್ ಗೀಸರ್ ಹೊತ್ತಿಕೊಳ್ಳುತ್ತಿಲ್ಲವೇ? ಮೊದಲು ಕಿವಿಗೊಡಿ

ಗ್ಯಾಸ್ ಗೀಸರ್ ಕೈಕೊಟ್ಟ ಕೂಡಲೇ ಎಲ್ಲರ ಕಣ್ಣು ಹೋಗುವುದು ಸಿಲಿಂಡರ್ ಕಡೆಗೆ. ಅದನ್ನು ಎತ್ತಿ ನೋಡುವುದು, ಅಲ್ಲಾಡಿಸುವುದು, ಡೀಲರ್‌ಗೆ ಫೋನ್ ಮಾಡುವುದು. ಆದರೆ ತಪ್ಪು ಎಷ್ಟೋ ಸಲ ಗ್ಯಾಸಿನದ್ದಾಗಿರುವುದಿಲ್ಲ, ಸೆಲ್ಲಿನದ್ದೋ ನೀರಿನದ್ದೋ ಆಗಿರುತ್ತದೆ. ಅದನ್ನು ಮನೆಯಲ್ಲೇ ಪತ್ತೆ ಮಾಡಬಹುದು.

ಅದಕ್ಕೂ ಮುಂಚೆ ಮೂಗಿಗೆ ಕೆಲಸ ಕೊಡಿ. ಗ್ಯಾಸ್ ವಾಸನೆ ಬರುತ್ತಿದ್ದರೆ ಮುಂದಿನ ಯಾವ ಹಂತವೂ ಬೇಡ. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಫ್ಯಾನು, ಲೈಟು ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.

ವಾಸನೆ ಇಲ್ಲವೇ? ಸರಿ. ಬಿಸಿನೀರಿನ ನಲ್ಲಿ ಪೂರ್ತಿ ತೆರೆದು ಗೀಸರ್ ಪಕ್ಕ ನಿಲ್ಲಿ. ‘ಚಟ್ ಚಟ್ ಚಟ್’ ಅಂತ ಕಿಡಿಯ ಸದ್ದು ಬರುತ್ತಿದೆಯಾ ಕೇಳಿ.

ಸದ್ದೇ ಇಲ್ಲದಿದ್ದರೆ

ಮೊದಲು ಸೆಲ್. ಸಾಮಾನ್ಯವಾಗಿ ಗೀಸರಿನ ತಳದಲ್ಲಿ ಸಣ್ಣ ಡಬ್ಬಿ ಇರುತ್ತದೆ. ಅದರಲ್ಲಿ ಟಾರ್ಚಿಗೆ ಹಾಕುವಂಥ 1.5 ವೋಲ್ಟಿನ ಎರಡು ದಪ್ಪ ಸೆಲ್‌ಗಳು. ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹಳೇದು, ಒಂದು ಹೊಸದು ಹಾಕಿದರೆ ಹೊಸದೂ ಬೇಗ ಸಾಯುತ್ತದೆ. ಬಚ್ಚಲಿನ ತೇವಕ್ಕೆ ಡಬ್ಬಿಯೊಳಗಿನ ಲೋಹದ ಪಟ್ಟಿಗಳ ಮೇಲೆ ಬಿಳಿ ಅಥವಾ ಹಸಿರು ಕಿಲುಬು ಕೂತಿರುತ್ತದೆ. ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ.

ಸೆಲ್ ಹೊಸದಾದರೂ ಸದ್ದಿಲ್ಲ ಅಂದರೆ ನೀರಿನ ಮೇಲೆ ಅನುಮಾನ ಪಡಿ. ಗೀಸರಿನ ಒಳಗೊಂದು ರಬ್ಬರ್ ಪೊರೆ ಇದೆ. ಹರಿಯುವ ನೀರಿನ ಒತ್ತಡಕ್ಕೆ ಅದು ಉಬ್ಬಿ ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಆಮೇಲಷ್ಟೇ ಕಿಡಿ. ನೀರು ಸಾಲದಿದ್ದರೆ ಪೊರೆ ಅಲ್ಲಾಡುವುದೇ ಇಲ್ಲ. ಅನೇಕ ಗೀಸರ್‌ಗಳಿಗೆ ನಿಮಿಷಕ್ಕೆ ಎರಡೂವರೆ ಲೀಟರಾದರೂ ಬೇಕು. ಒಂದು ಲೀಟರಿನ ಬಾಟಲಿ ಹಿಡಿದು ನೋಡಿ: ತುಂಬಲು 25 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾರಣ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಟ್ಯಾಂಕ್ ತಲೆಯ ಮೇಲೇ ಇರುವ ಕೊನೆಯ ಮಹಡಿಯ ಮನೆಗಳಲ್ಲಿ ಈ ಗೋಳು ಹೆಚ್ಚು. ಟ್ಯಾಂಕ್ ಹತ್ತಿರ ಇದ್ದಷ್ಟೂ ನೀರು ಜೋರು ಅಂದುಕೊಳ್ಳುತ್ತೇವೆ, ಆದರೆ ಒತ್ತಡ ಹುಟ್ಟುವುದು ಎತ್ತರದಿಂದ.

ಮೊದಲು ಚೆನ್ನಾಗಿದ್ದು ಈಚೆಗೆ ನೀರು ಸಣ್ಣಗಾಗಿದ್ದರೆ ಜಾಲರಿ ಕಟ್ಟಿದೆ. ನೀರಿನ ವಾಲ್ವ್ ಮುಚ್ಚಿ, ತಣ್ಣೀರು ಬರುವ ಪೈಪಿನ ನಟ್ಟು ಬಿಚ್ಚಿ. ಬೆರಳ ತುದಿಯಷ್ಟಿರುವ ಜಾಲರಿ ಸಿಗುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಅದರ ತುಂಬ ಮರಳು, ಸುಣ್ಣದಂಥ ಬಿಳಿ ಪುಡಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಸ್ವಲ್ಪ ಹೊತ್ತು ವಿನೆಗರಿನಲ್ಲಿ ನೆನೆಹಾಕಿ ತೊಳೆಯಿರಿ. ವಾಷರ್ ಕಳೆಯಬೇಡಿ.

ಸದ್ದಿದೆ, ಉರಿಯಿಲ್ಲ

ಈಗ ಸಿಲಿಂಡರ್ ನೋಡಬಹುದು. ರೆಗ್ಯುಲೇಟರ್ ಆನ್ ಇದೆಯಾ, ಪೈಪು ಎಲ್ಲಾದರೂ ಮಡಚಿಕೊಂಡಿದೆಯಾ? ಹೊಸ ಸಿಲಿಂಡರ್ ಹಾಕಿದ್ದರೆ ಪೈಪಿನಲ್ಲಿ ಗಾಳಿ ಇರುತ್ತದೆ. ನಲ್ಲಿಯನ್ನು ನಾಲ್ಕೈದು ಸಲ ತೆರೆದು ಮುಚ್ಚಿದರೆ ಹೊತ್ತಿಕೊಳ್ಳುತ್ತದೆ. ನಡುನಡುವೆ ಒಂದೊಂದು ನಿಮಿಷ ಬಿಡಿ, ಉರಿಯದ ಗ್ಯಾಸ್ ಒಳಗೆ ತುಂಬಬಾರದು. ಸೆಲ್ ಅರ್ಧಂಬರ್ಧ ಸತ್ತಾಗಲೂ ಹೀಗಾಗುವುದುಂಟು. ಕಿಡಿ ಬರುತ್ತದೆ, ಆದರೆ ಗ್ಯಾಸಿನ ವಾಲ್ವ್ ತೆರೆಯುವಷ್ಟು ಶಕ್ತಿ ಇರುವುದಿಲ್ಲ.

ಹೋಟೆಲಿನವರು ಬಳಸುವ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಿಲಿಂಡರನ್ನು ಮಲಗಿಸುವುದು, ಬಿಸಿನೀರಿನಲ್ಲಿ ಇಡುವುದು ಕೂಡ ಬೇಡವೇ ಬೇಡ. ಪೈಪನ್ನು ಮುಟ್ಟಿದ್ದರೆ ಜೋಡಣೆಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ!

ಹೊತ್ತಿ ಆರಿದರೆ

ಸುಮಾರು 20 ನಿಮಿಷ ಉರಿದು ಆರಿದರೆ ಅದು ರೋಗವಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಆ ಟೈಮರ್ ಇರುತ್ತದೆ. ನಲ್ಲಿ ಮುಚ್ಚಿ ತೆರೆದರೆ ಮತ್ತೆ ಹೊತ್ತುತ್ತದೆ. ಕೆಲವೇ ಸೆಕೆಂಡಿನಲ್ಲಿ ಆರಿದರೆ ಉರಿ ಇದೆಯೋ ಇಲ್ಲವೋ ಎಂದು ಗಮನಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಕಿಂಡಿಯಲ್ಲಿ ಉರಿಯ ಬಣ್ಣವನ್ನೂ ನೋಡಿ. ನೀಲಿ ಇರಬೇಕು. ಹಳದಿಯಾಗಿ ನಾಲಿಗೆ ಚಾಚುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ತಲೆಸುತ್ತು, ಆಮೇಲೆ ಎಚ್ಚರವೇ ತಪ್ಪುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಹೀಗೆ ಜೀವ ಹೋದ ಸುದ್ದಿ ಬೆಂಗಳೂರಿನಲ್ಲೇ ಎಷ್ಟೋ ಸಲ ಓದಿದ್ದೇವೆ. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಒಳಗಿದ್ದರೆ ರಿಪೇರಿಗಿಂತ ಮೊದಲು ಅದನ್ನು ಹೊರಗೆ ಹಾಕಿಸಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ‘ಗೀಸರ್ ಕೆಟ್ಟಿದೆ’ ಅಂತ ಸುಮ್ನೆ ಹೇಳಬೇಡಿ. ‘ಸೆಲ್ ಹೊಸದು, ನೀರು ಜೋರಿದೆ, ಕಿಡಿ ಬರಲ್ಲ’ ಅನ್ನಿ. ಪೊರೆಯೋ ಸ್ವಿಚ್ಚೋ ಬೇಕಾದದ್ದನ್ನು ಅವರು ಬರುವಾಗಲೇ ಹಿಡಿದು ಬರುತ್ತಾರೆ.